ಕುದುರೆಗೆ ಬಂದ ಲಸಿಕೆ ಸಾಕುವವನಿಗೆ ಎಂದು?

2018ರಲ್ಲಿ ನೆರೆಯ ಕೇರಳದ ಕಲ್ಲಿಕೋಟೆ, ಮಲಪ್ಪುರಂ ಜಿಲ್ಲೆಗಳಲ್ಲಿ ಬಾವಲಿಗಳಿಂದ ಹರಡುವ ನಿಪಾ ರೋಗ 17 ಜನರನ್ನು ಬಲಿ ತೆಗೆದುಕೊಂಡಿತು. ಇದಕ್ಕೆ ಮದ್ದೇ ಇಲ್ಲವೇ ಎಂದು ನೀವು ಕೇಳುವುದು ಸಹಜ.

ನಿಪಾ ವೈರಸ್ಸಿನ ದಾಯಾದಿ ಹೆಂಡ್ರಾ. 1994ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಅದು ಕುದುರೆಗಳನ್ನೂ ಅವುಗಳ ತರಬೇತುದಾರನನ್ನೂ ಕೊಂದಿತು. ವೈರಸ್ಸು ಜೀವಕೋಶಕ್ಕೆ ಅಂಟಿಕೊಳ್ಳಲು ಬಳಸುವ ಪ್ರೋಟೀನನ್ನಷ್ಟೇ ಬೇರ್ಪಡಿಸಿ, ಅಮೆರಿಕದ ವಿಜ್ಞಾನಿ ಕ್ರಿಸ್ಟೋಫರ್ ಬ್ರಾಡರ್ ಮತ್ತು ಸಂಗಡಿಗರು ಲಸಿಕೆಗೆ ದಾರಿ ಮಾಡಿದರು. ಅದರಲ್ಲಿ ಜೀವಂತ ವೈರಸ್ಸಿಲ್ಲ. 2012ರಲ್ಲಿ ಅದು ಆಸ್ಟ್ರೇಲಿಯದ ಕುದುರೆಗಳಿಗೆ ದೊರೆಯಿತು. ಅಲ್ಲಿ ರೋಗ ಮನುಷ್ಯರಿಗೆ ತಗಲಿದ್ದು ಕುದುರೆಗಳಿಂದಲೇ. ಆದ್ದರಿಂದ ಕುದುರೆಯನ್ನು ಕಾದರೆ ಸಾಕುವವನನ್ನೂ ಕಾದಂತೆ.

ಬ್ರಾಡರ್ ಅವರೂ ಸೇರಿದ ತಂಡ ಎಂ102.4 ಎಂಬ ಪ್ರತಿಕಾಯವನ್ನೂ ರೂಪಿಸಿತು. ಲಸಿಕೆಯು ಪ್ರತಿಕಾಯ ತಯಾರಿಸಲು ದೇಹಕ್ಕೆ ಕಲಿಸುತ್ತದೆ. ಇದಾದರೋ ಸಿದ್ಧ ಪ್ರತಿಕಾಯವನ್ನೇ ಕೊಡುವ ಚಿಕಿತ್ಸೆ. 2018ರಲ್ಲಿ ಕೇರಳಕ್ಕೆ ಇದನ್ನು ಆಸ್ಟ್ರೇಲಿಯದಿಂದ ತರಿಸಲಾಯಿತು. ಮುಂದೆ 40 ಆರೋಗ್ಯವಂತರ ಮೇಲೆ ಪರೀಕ್ಷಿಸಿದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಗಂಭೀರ ತೊಂದರೆ ಕಂಡುಬರಲಿಲ್ಲ.

ಆದರೂ ಮನುಷ್ಯನಿಗೆ ಮಂಜೂರಾದ ನಿಪಾ ಲಸಿಕೆ ಇನ್ನೂ ಇಲ್ಲ. ಪ್ರಯೋಗಗಳು ಮಾತ್ರ ನಡೆದಿವೆ. ರೋಗಿಗಳು ಕೆಲವೇ ಮಂದಿ. ಗುಣ ಪರೀಕ್ಷಿಸುವುದೂ ಕಷ್ಟ, ಕಂಪನಿಗಳಿಗೆ ಲಾಭವೂ ಕಡಿಮೆ. ಇಂಥ ಮದ್ದಿಗೆ ಸಾರ್ವಜನಿಕ ಹಣವೇ ಆಧಾರವಾಗಬೇಕು.

ಅಲ್ಲಿಯವರೆಗೆ ಎಚ್ಚರಿಕೆಯೇ ಮದ್ದು. 1998–99ರಲ್ಲಿ ಮಲೇಷ್ಯದಲ್ಲಿ ನಿಪಾ ಹಂದಿಗಳ ಮೂಲಕ ಹರಡಿ ನೂರಕ್ಕೂ ಹೆಚ್ಚು ಜನ ಸತ್ತರು. ಸುಮಾರು 10 ಲಕ್ಷ ಹಂದಿಗಳನ್ನು ಕೊಲ್ಲಬೇಕಾಯಿತು. ಹಂದಿ ಗೂಡನ್ನು ಹಣ್ಣಿನ ಮರದಡಿ ಕಟ್ಟಬೇಡಿ. ಬಾವಲಿ ಕಚ್ಚಿದ ಹಣ್ಣನ್ನು ನೀವೂ ತಿನ್ನಬೇಡಿ, ಹಂದಿಗಳಿಗೂ ಹಾಕಬೇಡಿ.