ಅಜ್ಜಿಯ ಪೆಟ್ಟಿಗೆ, ಮೊಮ್ಮಕ್ಕಳ ವೇಷ

ಅಕ್ಟೋಬರ್ ತಿಂಗಳ ಕೊನೆ ಬಂತೆಂದರೆ ನಮ್ಮ ಕಾಲೇಜು ಹುಡುಗ ಹುಡುಗಿಯರಿಗೆ ಈಗ ಹೊಸದೊಂದು ಸಂಭ್ರಮ. 31ರ ಸಂಜೆ ಹ್ಯಾಲೋವೀನ್. ಅಂದು ಹಳೆಯ ಕಾಲದವರಂತೆ ವೇಷ ಹಾಕಿ, ಕಂದುಬಣ್ಣದ ಫೋಟೊ ತೆಗೆಸಿಕೊಳ್ಳಬೇಕೆಂಬ ಆಸೆ. ಜ್ಞಾನಭಾರತಿಯಂಥ ಮರಗಳ ನೆರಳಿನ ಆವರಣ ಹತ್ತಿರದಲ್ಲಿದ್ದರಂತೂ ಕೇಳುವುದೇ ಬೇಡ. 'ನಮ್ಮದಲ್ಲದ ಹಬ್ಬ ನಮಗೇಕೆ?' ಎಂದು ತಂದೆ ತಾಯಿ ಗೊಣಗುವುದೂ ಸಹಜವೇ.

ಹಬ್ಬ ಪಶ್ಚಿಮದ್ದು, ನಿಜ. ಆದರೆ ಸತ್ತವರನ್ನು ನೆನೆಯುವ ದಿನ ನಮಗೆ ಹೊಸತೇನಲ್ಲ. ಅದಕ್ಕೆ ಕೆಲವೇ ವಾರ ಮೊದಲು ಮಹಾಲಯ ಅಮಾವಾಸ್ಯೆ ಬಂದು ಹೋಗಿರುತ್ತದೆ. ದೆವ್ವವನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸಲು ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದ ಊರು ನಮ್ಮದು. ಮರುದಿನವೇ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಒಳ್ಳೆಯ ಹಳೆಯ ಉಡುಪೊಂದನ್ನು ಹೊಂದಿಸಿಕೊಂಡರೆ ಎರಡು ದಿನಕ್ಕೂ ಆಯಿತು!

ಹಾಗಾದರೆ ವೇಷ ಯಾವುದು? ಬಾಡಿಗೆ ಅಂಗಡಿಗೆ ಓಡುವ ಮೊದಲು ಮನೆಯ ಆಲ್ಬಮ್ ತೆರೆಯಿರಿ. ಕಚ್ಚೆಪಂಚೆ, ಮುಚ್ಚುಕಾಲರಿನ ಕೋಟು, ಜರಿಪೇಟದ ಮುತ್ತಜ್ಜ ಅಲ್ಲಿರಬಹುದು. ಪರಕಾರ, ಪಫ್ ತೋಳಿನ ರವಿಕೆ, ಮೊಗ್ಗಿನ ಜಡೆಯ ಅಜ್ಜಿ ಇರಬಹುದು. ಮೊಗ್ಗಿನ ಜಡೆಯ ಚಿತ್ರದಲ್ಲಿ ಹುಡುಗಿಯನ್ನು ಕನ್ನಡಿಯ ಬಳಿ ನಿಲ್ಲಿಸುತ್ತಿದ್ದರು. ಮುಖವೂ ಕಾಣಬೇಕು, ಅಷ್ಟು ಕಷ್ಟಪಟ್ಟು ಹೆಣೆದ ಜಡೆಯೂ ಕಾಣಬೇಕು! ಇಂದಿಗೂ ಒಂದು ನಿಲುವುಗನ್ನಡಿಯಿದ್ದರೆ ಈ ಚಿತ್ರ ಮನೆಯಲ್ಲೇ ಸಾಧ್ಯ. ಬೆತ್ತದ ಕುರ್ಚಿ, ಕೈಯಲ್ಲೊಂದು ಪುಸ್ತಕ, ಹಿಂದೆ ಸಾದಾ ಬಣ್ಣದ ಹೊದಿಕೆ. ಇಷ್ಟಾದರೆ ಸ್ಟುಡಿಯೋ ಸಿದ್ಧ.

ಇನ್ನು ಫೋಟೊ ತೆಗೆಯುವ ವಿಚಾರ. ಹಳಬರು ನಗದೆ ಬಿಗಿಯಾಗಿ ಕೂತದ್ದು ಸಿಟ್ಟಿನಿಂದಲ್ಲ. ಆಗಿನ ಗಾಜಿನ ಫಲಕಗಳಿಗೆ ಬೆಳಕು ಹೆಚ್ಚು ಹೊತ್ತು ಬೇಕಿತ್ತು, ಅಲುಗಿದರೆ ಮುಖ ಮಸುಕಾಗುತ್ತಿತ್ತು. ಆ ಫಲಕಗಳು ನೀಲಿ ಬೆಳಕನ್ನು ಚೆನ್ನಾಗಿ ಗ್ರಹಿಸುತ್ತಿದ್ದವು, ಕೆಂಪನ್ನು ಬಹುಮಟ್ಟಿಗೆ ಗ್ರಹಿಸುತ್ತಲೇ ಇರಲಿಲ್ಲ. ಆದ್ದರಿಂದಲೇ ಅಜ್ಜಿಯ ಹಣೆಯ ಕುಂಕುಮ ಕಪ್ಪುಬೊಟ್ಟಿನಂತೆ, ಆಕಾಶ ಬೆಳ್ಳಗೆ ಕಾಣುವುದು. ಮೊಬೈಲಿನಲ್ಲಿ ತೆಗೆದ ಬಣ್ಣದ ಚಿತ್ರವನ್ನು ಕಪ್ಪು-ಬಿಳುಪು ಮಾಡುವಾಗ ಕೆಂಪಿನ ಪ್ರಮಾಣ ತಗ್ಗಿಸಿ, ನೀಲಿಯದನ್ನು ಏರಿಸಿ ನೋಡಿ. ಹಳೆಯ ಕಾಲ ತಾನಾಗಿ ಬರುತ್ತದೆ. ಕಂದುಬಣ್ಣಕ್ಕೂ ಕಾರಣವಿದೆ. ಚಿತ್ರದಲ್ಲಿರುವ ಬೆಳ್ಳಿಯನ್ನು ರಾಸಾಯನಿಕದಿಂದ ಬೆಳ್ಳಿಯ ಸಲ್ಫೈಡ್ ಆಗಿ ಮಾರ್ಪಡಿಸಿದರೆ ಚಿತ್ರ ಕಂದಾಗುತ್ತಿತ್ತು, ಹೆಚ್ಚು ಕಾಲ ಬಾಳುತ್ತಲೂ ಇತ್ತು. ಫ್ಲ್ಯಾಷ್ ಬೇಡ. ಕಿಟಕಿಯ ಪಕ್ಕದ ಬೆಳಗಿನ ಬೆಳಕೇ ಸಾಕು.

ಕೆಲವು ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ಹಳೆಯ ರೇಷ್ಮೆ ಸೀರೆ ಮಡಿಕೆಯಲ್ಲೇ ಸೀಳುತ್ತದೆ. ಅದಕ್ಕೆ ಪಿನ್ನು ಚುಚ್ಚಬೇಡಿ, ಸೆಂಟು ಸಿಂಪಡಿಸಬೇಡಿ. ವಿಶ್ವವಿದ್ಯಾಲಯದ ಆವರಣದಲ್ಲಿ ಚಿತ್ರ ತೆಗೆಯುವುದಾದರೆ ಮೊದಲೇ ಅನುಮತಿ ಕೇಳಿ, ಹಗಲಲ್ಲೇ ಮುಗಿಸಿ. ಮೈಸೂರು ರೈಲುಮಾರ್ಗ ಅಲ್ಲೇ ಹತ್ತಿರವೆಂದು ಹಳಿಯ ಮೇಲೆ ಮಾತ್ರ ನಿಲ್ಲಬೇಡಿ. ಇದೇ ಮಾರ್ಗದಲ್ಲಿ ಬಿಡದಿಯ ಬಳಿ 2017ರ ಅಕ್ಟೋಬರಿನಲ್ಲಿ ಮೂವರು ಯುವಕರು ರೈಲಿಗೆ ಸಿಕ್ಕಿ ಸತ್ತರು. ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆಂದು ಆಗ ವರದಿಯಾಗಿತ್ತು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ನಮ್ಮ ಸಿನಿಮಾದ ದೆವ್ವಕ್ಕೆ ಬಿಳಿ ಸೀರೆ ಖಾಯಂ. ಆದರೆ ಗಂಡ ಸತ್ತ ಮೇಲೆ ಹೂವು, ಬಳೆ, ಬಣ್ಣದ ಸೀರೆ ಎಲ್ಲವನ್ನೂ ಬಿಟ್ಟು ಬದುಕಬೇಕಾದ ಹೆಂಗಸರು ಹಿಂದೆ ಎಷ್ಟೋ ಮನೆಗಳಲ್ಲಿದ್ದರು. ಅಂಥ ಮುತ್ತಜ್ಜಿಯ ಚಿತ್ರ ನೋಡಿ, ಅದನ್ನೇ ದೆವ್ವದ ವೇಷ ಮಾಡಿಕೊಂಡು ಮೊಮ್ಮಗಳು ಎದುರು ನಿಂತರೆ ಅಜ್ಜಿಗೆ ಕಾಣುವುದು ದೆವ್ವವಲ್ಲ, ತನ್ನ ತಾಯಿ. ಆದ್ದರಿಂದ ಯಾರ ಉಡುಗೆಯನ್ನು ತೊಡುತ್ತೀರೋ ಅವರ ಕಥೆಯನ್ನು ಮೊದಲು ಕೇಳಿ. ಕೇಳಿದ ಮೇಲೆ ಬೇಡವೆನಿಸಿದರೆ ಬಿಟ್ಟುಬಿಡಿ. ಹೆದರಿಸಲು 'ನಾಳೆ ಬಾ' ಎಂದು ಬರೆದ ಬಾಗಿಲೊಂದೇ ಸಾಕು.

ತಂದೆ ತಾಯಂದಿರಿಗೂ ಒಂದು ಮಾತು. ಮಕ್ಕಳಾಗಿಯೇ ಆಲ್ಬಮ್ ತೆರೆಯುವ ದಿನ ವರ್ಷಕ್ಕೊಮ್ಮೆ ಬಂದರೂ ಅದು ಲಾಭವೇ. ಅಂಟಿಸಿದ ಚಿತ್ರಗಳನ್ನು ಕೀಳದೆ, ಇದ್ದಲ್ಲೇ ಮೊಬೈಲಿನಲ್ಲಿ ಪ್ರತಿ ತೆಗೆಸಿ. ಬಿಡಿ ಚಿತ್ರಗಳ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆಸಿ. ಹೇಳುವ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಇದಕ್ಕೆ ಮಾತ್ರ 'ನಾಳೆ ಬಾ' ಎನ್ನಬೇಡಿ.