ಕೂಟಲೇಖವೂ ಬಜಾರದ ಚೀಟಿಯೂ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳು ಉಕ್ತವಾಗಿವೆ. ಅವುಗಳಲ್ಲೊಂದು ಕೂಟಲೇಖಕ್ರಿಯೆ. ಅದನ್ನು ಖೋಟಾ ದಸ್ತಾವೇಜೆಂದು, ನ್ಯಾಯಾಲಯಕ್ಕೆ ಸಂಬಂಧಿಸಿದ ಅಪರಾಧವೆಂದು ಬಗೆದು ವರ್ತಕ ಶ್ರಾವಕರು ನಿಶ್ಚಿಂತರಾಗಿರುವುದುಂಟು. ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ತೆರೆದರೆ ಈ ನೆಮ್ಮದಿ ಉಳಿಯದು. ಒಬ್ಬನು ಆಡದುದನ್ನು ಆಡಿದನೆಂದು, ಮಾಡದುದನ್ನು ಮಾಡಿದನೆಂದು ವಂಚನೆಗಾಗಿ ಬರೆಯುವುದೇ ಕೂಟಲೇಖವೆಂದು ಅಲ್ಲಿ ಅರ್ಥ ಹೇಳಿದೆ.

ಮಟಮಾರಿ, ಮಾನ್ವಿ, ದೇವದುರ್ಗಗಳಿಂದ ಭತ್ತವನ್ನೋ ಹತ್ತಿಯನ್ನೋ ಹೇರಿಕೊಂಡು ರಾಯಚೂರಿನ ಗಂಜಿಗೆ ಬರುವ ರೈತನ ಕೈಯಲ್ಲಿ ಕಡೆಗೆ ಉಳಿಯುವ ಕಾಗದವನ್ನು ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಎಲ್ಲ ಅಂಗಡಿಗಳೂ ಒಂದೇ ಎಂದಲ್ಲ. ಆದರೆ ಖಾಲಿ ಹಾಳೆಗೆ ಮೊದಲು ಹೆಬ್ಬೆಟ್ಟು, ಆಮೇಲೆ ಬರಹ ಎಂಬ ಪದ್ಧತಿ ಎಲ್ಲಿದೆಯೋ ಅಲ್ಲಿ ರೈತನು ಒಪ್ಪದುದನ್ನು ಒಪ್ಪಿದನೆಂದೇ ಬರೆದಂತಾಗುತ್ತದೆ. ಮೊತ್ತವನ್ನಷ್ಟೇ ಗೀಚಿದ ಬಿಳಿ ಚೀಟಿಯೂ ಅದರ ಸಮೀಪದ ಬಂಧುವೇ. ಮಾರುಕಟ್ಟೆ ಶುಲ್ಕವನ್ನು ಕೊಳ್ಳುವವನು ತೆರಬೇಕೆಂಬುದು ಕರ್ನಾಟಕದ 1966ರ ಕಾಯ್ದೆಯ ವಿಧಿ. ‘ಖರ್ಚು’ ಎಂಬ ಒಂದೇ ಪದದೊಳಗೆ ಅದು ರೈತನ ತಲೆಗೆ ಬಿದ್ದಿದೆಯೋ ಇಲ್ಲವೋ ಎಂಬುದನ್ನು ಅವನು ತಿಳಿಯುವ ಬಗೆ ಯಾವುದು?

ಸವಾಲಿನ ಗದ್ದಲದಲ್ಲಿ ವಿವರವಾಗಿ ಬರೆಯಲು ಪುರಸತ್ತಿಲ್ಲವೆಂಬುದು ಸಿದ್ಧ ಉತ್ತರ. ತನ್ನ ಕಿರ್ದಿ ಖಾತೆಗಳಲ್ಲಿ ಪೈಸೆಗೆ ಪೈಸೆ ಬರೆಯಲು ಅದೇ ಗುಮಾಸ್ತನಿಗೆ ಪುರಸತ್ತು ಎಲ್ಲಿಂದ ಬರುತ್ತದೆ?

ಮೋಸದ ಉದ್ದೇಶವಿಲ್ಲವಲ್ಲ ಎಂಬ ಇನ್ನೊಂದು ಸಮಾಧಾನವಿದೆ. ಸ್ವರಚಿಹ್ನೆಗಳಿಲ್ಲದ ಮಹಾಜನಿ ಲಿಪಿಯಲ್ಲಿ ‘ಅಜಮೇರಕ್ಕೆ ಹೋದರು’ ಎಂದು ಬರೆದುದನ್ನು ‘ಇಂದು ತೀರಿಹೋದರು’ ಎಂದು ಓದಿಕೊಂಡು ಮನೆಮಂದಿ ಗೋಳಾಡಿದರೆಂಬ ಕಥೆಯನ್ನು ಉತ್ತರದ ವರ್ತಕರೇ ನಗುತ್ತ ಹೇಳುತ್ತಾರೆ. ಅಲ್ಲಿಯೂ ಮೋಸವಿರಲಿಲ್ಲ, ಗೋಳು ಮಾತ್ರ ನಿಜವಾಗಿತ್ತು. ಅದಿರಲಿ, ಅದೇ ಸೂತ್ರದಲ್ಲಿ ನ್ಯಾಸಾಪಹಾರವೂ ಇದೆಯಷ್ಟೆ. ಒತ್ತೆಯಿಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದೇ ಆ ದೋಷ. ಎದುರಿನವನ ಅರಿಯಮಿಯಿಂದ ಲಾಭ ಪಡೆಯುವುದಕ್ಕೆ ಶಾಸ್ತ್ರದಲ್ಲಿ ರಿಯಾಯಿತಿಯಿಲ್ಲ.

ತೂಕ, ದರ, ಒಂದೊಂದು ಕಡಿತದ ಹೆಸರು, ದಿನಾಂಕ ಇವು ಕನ್ನಡದಲ್ಲಿರಲಿ. ಸಹಿಗೆ ಮುನ್ನ ಗಟ್ಟಿಯಾಗಿ ಓದಿ ಹೇಳಲಿ. ರೈತನು ತಡೆದು ಕೇಳಿದರೆ ಅಲ್ಲಿಯೇ ತಿದ್ದಲಿ. ಪ್ರತಿಯೊಂದನ್ನು ಅವನಿಗೆ ಕೊಡಲಿ.

ಬಸದಿಯ ಟ್ರಸ್ಟುಗಳೂ ಇದಕ್ಕೆ ಹೊರತಲ್ಲ. ವಾರ್ಷಿಕ ಲೆಕ್ಕದಲ್ಲಿ ‘ಇತರೆ ವೆಚ್ಚ’ ಎಂಬ ಸಾಲು ಎಷ್ಟು ದೊಡ್ಡದಾಗಿದ್ದರೂ ಸಭೆ ಕೈಯೆತ್ತಿ ಒಪ್ಪುವುದು ರೂಢಿ. ಮುಂದಿನ ಮಹಾಸಭೆಗೆ ಕಾರ್ಯದರ್ಶಿಗಳು ಆ ಸಾಲನ್ನು ಬಿಡಿಸಿ ಬರೆದು ತರಬೇಕು.