ಕಾಡಿನ ಲೆಕ್ಕ ಊರಿನ ಮುಂದಿರಲಿ

ಕಾಡು ಸರಕಾರದ್ದು, ಕಾವಲು ಇಲಾಖೆಯದು, ಕಟ್ಟಿಗೆ ಮಾತ್ರ ನಮ್ಮದು ಎಂಬ ಭಾವನೆ ಮಲೆನಾಡಿನಲ್ಲಿ ಹಲವು ತಲೆಮಾರುಗಳಿಂದ ಬೇರೂರಿದೆ. ಈ ಭಾವನೆ ಅಳಿಯದ ಹೊರತು ಎಷ್ಟು ಸಸಿ ನೆಟ್ಟರೂ ಅರಣ್ಯ ಮರಳಿ ಬಾರದು. ಮಳೆಗಾಲ ಬಂತೆಂದರೆ ಶಾಲೆ, ಚರ್ಚು, ಸಂಘಸಂಸ್ಥೆಗಳ ಆವರಣಗಳಲ್ಲಿ ವನಮಹೋತ್ಸವ ನಡೆಯುತ್ತದೆ. ಅದು ಸಂತೋಷದ ಸಂಗತಿಯೇ. ಆದರೆ ಯಾವ ಜಾತಿಯ ಸಸಿ ನೆಡಬೇಕೆಂದು ಯಾರು ತೀರ್ಮಾನಿಸುತ್ತಾರೆ, ಬೆಳೆದ ಮರದ ಮೇಲೆ ಊರಿಗೆ ಯಾವ ಹಕ್ಕಿದೆ, ಹುಟ್ಟುವಳಿಯ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸುತ್ತಾರೆ ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

ಶಂಕರಘಟ್ಟದ ಸುತ್ತಮುತ್ತಲಿನವರಿಗೆ ಈ ಪ್ರಶ್ನೆಗಳು ದೂರದವಲ್ಲ. ಒಂದು ಕಡೆ ಭದ್ರಾ ಅಭಯಾರಣ್ಯದ ಕಾಡು, ಇನ್ನೊಂದು ಕಡೆ ಅದೇ ಮಲೆನಾಡಿನ ಸಂಪತ್ತಿನಿಂದ ಬೆಳೆದ ಭದ್ರಾವತಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಇಲ್ಲಿನ ಕಬ್ಬಿಣದ ಕಾರ್ಖಾನೆಯ ಕುಲುಮೆ ಮೊದಲು ಉರಿದದ್ದು ಸುತ್ತಲಿನ ಕಾಡಿನ ಇದ್ದಿಲಿನಿಂದ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೂ ಕಾಡೇ ಆಧಾರವಾಯಿತು. ಈ ಕಾರ್ಖಾನೆಗಳ ಸಂಬಳದಿಂದ ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ಕುಟುಂಬಗಳು ಅಸಂಖ್ಯ. ಆ ಋಣವನ್ನು ಅಲ್ಲಗಳೆಯಲಾಗದು. ಆದರೆ ಕಾಡಿನ ಅಂಚಿನ ಹಳ್ಳಿಗಳು ತೆತ್ತ ಬೆಲೆಯನ್ನೂ ಮರೆಯಬಾರದು.

ಕಾಗದದ ತಿರುಳಿಗಾಗಿ 1980ರಲ್ಲಿ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಅಲ್ಲಿ ಅಕೇಶಿಯ ಮತ್ತು ನೀಲಗಿರಿ ಎದ್ದು ನಿಂತವು. ಹಣ್ಣಿಲ್ಲದ ಕಾಡಿನಲ್ಲಿ ಮಂಗಕ್ಕೆ ಆಹಾರವಿಲ್ಲ, ಮೇವಿಲ್ಲದ ಕಾಡಿನಲ್ಲಿ ದನಕ್ಕೆ ಕೆಲಸವಿಲ್ಲ. ಎರಡರ ಭಾರವೂ ಪಕ್ಕದ ತೋಟ ಗದ್ದೆಗಳ ಮೇಲೆ ಬೀಳುತ್ತದೆ. ಕಾರ್ಖಾನೆಯ ಉತ್ಪಾದನೆ ನಿಂತುಹೋದ ಮೇಲೂ, 2020ರಲ್ಲಿ ಅವಧಿ ಮುಗಿದ ಗುತ್ತಿಗೆಯನ್ನು ಸುಮಾರು 20,000 ಹೆಕ್ಟೇರ್ ಭೂಮಿಗೆ ಮತ್ತೆ 40 ವರ್ಷ ವಿಸ್ತರಿಸಲು ಸರಕಾರ ಮುಂದಾಯಿತು. ಶಿವಮೊಗ್ಗ ಜಿಲ್ಲೆಯಲ್ಲಿ ಚಳವಳಿ ಎದ್ದಿತು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಆ ವಿವಾದದಲ್ಲಿ ಹೆಚ್ಚು ಚರ್ಚೆಯಾದದ್ದು ಯಾವ ಮರ ಎಂಬ ವಿಷಯ. ಯಾರ ನಿರ್ವಹಣೆ ಎಂಬುದೂ ಅಷ್ಟೇ ಮುಖ್ಯ.

ಊರಿನವರು ಕಾಡನ್ನು ನಿರ್ವಹಿಸಬಲ್ಲರೇ, ಕೈಗೆ ಕೊಟ್ಟರೆ ಕಡಿದು ಮುಗಿಸುವುದಿಲ್ಲವೇ ಎಂದು ಅಧಿಕಾರಿಗಳಷ್ಟೇ ಅಲ್ಲ, ನಮ್ಮವರೂ ಕೇಳುವುದುಂಟು. ಇದಕ್ಕೆ ಉತ್ತರ ಬೇಕಾದರೆ ಘಟ್ಟ ಇಳಿದು ಕರಾವಳಿಯ ಕುಮಟಾ ತಾಲೂಕಿನತ್ತ ನೋಡಬೇಕು. ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ 1920ರ ದಶಕದಲ್ಲಿ, ರೈತರ ಅರಣ್ಯ ಸಂಕಷ್ಟಗಳನ್ನು ವಿಚಾರಿಸಿದ ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ಫಲವಾಗಿ ಅಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ಹುಟ್ಟಿದವು. ಹಳಕಾರ, ಕಲ್ಲಬ್ಬೆ, ಚಿತ್ರಗಿ ಅವುಗಳಲ್ಲಿ ಪ್ರಸಿದ್ಧವಾದವು. ಸೊಪ್ಪು, ಒಣ ಕಟ್ಟಿಗೆ ತರುವುದಕ್ಕೆ ಊರೇ ನಿಯಮ ಮಾಡಿತು, ಊರೇ ಕಾವಲುಗಾರನನ್ನಿಟ್ಟಿತು.

ಮುಂದೆ 1979ರ ಸುಮಾರಿಗೆ ಸರಕಾರ ಈ ಪಂಚಾಯತಿಗಳನ್ನು ರದ್ದುಪಡಿಸಲು ಹೊರಟಿತು. ಹಳಕಾರ ಮತ್ತು ಕಲ್ಲಬ್ಬೆಯ ಜನ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದು ತಮ್ಮ ಕಾಡನ್ನು ಉಳಿಸಿಕೊಂಡರು. ಚಿತ್ರಗಿಯ ಕಾಡು ಅಲ್ಪಕಾಲದಲ್ಲೇ ಬರಿದಾಯಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿರುವ ಈ ವೃತ್ತಾಂತದಲ್ಲಿ ಎರಡೂ ಕಡೆಯ ವಾದಕ್ಕೆ ಪಾಠವಿದೆ. ಜನ ಸ್ವಭಾವತಃ ರಕ್ಷಕರೂ ಅಲ್ಲ, ಸ್ವಭಾವತಃ ಭಕ್ಷಕರೂ ಅಲ್ಲ. ನಾಳೆಯೂ ಇದು ನಮ್ಮದೇ ಎಂಬ ಭರವಸೆಯಿದ್ದಲ್ಲಿ ಇಂದು ಕೊಡಲಿ ಎತ್ತುವ ಕೈ ತಡೆಯುತ್ತದೆ. ನಾಳೆ ಯಾರದೋ ಎಂದಾದರೆ ಇಂದೇ ಬಾಚಿಕೊಳ್ಳುವ ಆತುರ ಹುಟ್ಟುತ್ತದೆ.

ಇಂಥ ಪಾಠಗಳಿದ್ದೂ ಸರಕಾರದ ನಂತರದ ಪ್ರಯೋಗ ಅರೆಮನಸ್ಸಿನದಾಯಿತು. ಕರ್ನಾಟಕ 1993ರ ಏಪ್ರಿಲಿನಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ಗ್ರಾಮ ಅರಣ್ಯ ಸಮಿತಿಗಳು ರಚನೆಯಾದವು. ಆದರೆ ಆರಂಭದಲ್ಲಿ ಸಮಿತಿಗೆ ಸಿಕ್ಕಿದ್ದು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ ಹಸಿರು ಹೊದಿಕೆಯುಳ್ಳ ಹಾಳುಬಿದ್ದ ಭೂಮಿ ಮಾತ್ರ. ಕಾರ್ಯದರ್ಶಿ ಸ್ಥಾನ ಇಲಾಖೆಯ ನೌಕರನಿಗೇ ಮೀಸಲಾಯಿತು. ಬ್ರಿಟನ್ನಿನ ನೆರವು, ಆಮೇಲೆ ಜಪಾನಿನ ನೆರವು ಬಂದಾಗ ಸಭೆಗಳು ನಡೆದವು, ನೆಡುತೋಪುಗಳು ಬೆಳೆದವು. ಯೋಜನೆಯ ಹಣ ಮುಗಿದಂತೆ ಅನೇಕ ಸಮಿತಿಗಳು ಕಡತದಲ್ಲಷ್ಟೇ ಉಳಿದವು. ಪಾಲುದಾರಿಕೆ ಎಂಬ ಹೆಸರಿದ್ದರೂ ಒಬ್ಬರು ಯಜಮಾನರಾಗಿ ಇನ್ನೊಬ್ಬರು ಕೂಲಿಯವರಾಗಿ ಉಳಿದರೆ ಇದಲ್ಲದೆ ಬೇರೇನು ಆದೀತು?

ಇನ್ನೊಂದು ತೊಡಕನ್ನು ಒಪ್ಪಿಕೊಳ್ಳಲೇಬೇಕು. ಮನೆಮನೆಗೆ ಅಡುಗೆ ಅನಿಲ ಬಂದಿದೆ, ಕೊಟ್ಟಿಗೆಗಳು ಖಾಲಿಯಾಗುತ್ತಿವೆ, ಯುವಜನರು ಬೆಂಗಳೂರಿನ ಬಸ್ಸು ಹತ್ತಿದ್ದಾರೆ. ಸೌದೆ ಸೊಪ್ಪುಗಳ ಅಗತ್ಯವೇ ಊರನ್ನು ಕಾಡಿಗೆ ಕಟ್ಟಿಹಾಕಿತ್ತು. ಆ ಹಗ್ಗ ಸಡಿಲವಾದ ಮೇಲೆ ಯಾರು ಯಾತಕ್ಕಾಗಿ ಕಾಡು ಕಾಯಬೇಕು? ಬೇಸಿಗೆಯಲ್ಲಿ ಬತ್ತದ ಬಾವಿಗಾಗಿ, ಮುರುಗಲು, ಉಪ್ಪಾಗೆ, ಜೇನುಗಳ ಆದಾಯಕ್ಕಾಗಿ, ಮಂಗ ಕಾಡುಹಂದಿಗಳು ತೋಟಕ್ಕೆ ನುಗ್ಗದಂತೆ ಕಾಡಿನಲ್ಲೇ ಹಣ್ಣು ಗೆಡ್ಡೆಗಳಿರಲಿ ಎಂಬುದಕ್ಕಾಗಿ. ಇವು ಬಡವರಿಗೂ ತೋಟವಂತರಿಗೂ ಸಮಾನವಾದ ಹಿತಗಳು. ಹೊಸ ಸಮಿತಿಗಳನ್ನು ಈ ಹಿತಗಳ ಮೇಲೆ ಕಟ್ಟಬೇಕು.

ಕಾನೂನಿನ ಆಧಾರವೂ ಇದೆ. 2006ರ ಅರಣ್ಯ ಹಕ್ಕು ಕಾಯಿದೆ ಸಮುದಾಯ ಅರಣ್ಯವನ್ನು ರಕ್ಷಿಸುವ, ಪುನಶ್ಚೇತನಗೊಳಿಸುವ, ನಿರ್ವಹಿಸುವ ಹಕ್ಕನ್ನು ಮಾನ್ಯ ಮಾಡುತ್ತದೆ ಮತ್ತು ಗ್ರಾಮಸಭೆಗೆ ಅಧಿಕಾರ ಕೊಡುತ್ತದೆ. ನಮ್ಮಲ್ಲಿ ಈ ಕಾಯಿದೆಯೆಂದರೆ ಒತ್ತುವರಿಯ ಅರ್ಜಿ ಎಂದೇ ಜನರ ತಿಳಿವಳಿಕೆ. ಒಂದೆರಡು ಎಕರೆ ಸಾಗುವಳಿಯ ಚಿಂತೆ ಸಹಜ. ಬುಡಕಟ್ಟುಗಳಿಗೆ ಸೇರದವರು 75 ವರ್ಷಗಳ ವಾಸ್ತವ್ಯ ತೋರಿಸಬೇಕೆಂಬ ಷರತ್ತು ಘಟ್ಟ ಹತ್ತಿ ಬಂದು ನೆಲೆಸಿದ ಅನೇಕ ಕುಟುಂಬಗಳಿಗೆ ತೊಡಕಾಗಿರುವುದೂ ನಿಜ. ಆದರೆ ಊರಿಗೆಲ್ಲ ಸೇರಿದ ಹಕ್ಕನ್ನು ಕೇಳುವವರೇ ಇಲ್ಲದಂತಾಗಬಾರದು.

ಗುತ್ತಿಗೆಯ ನೆಡುತೋಪುಗಳನ್ನು ಒಮ್ಮೆಗೇ ಕಡಿದು ಬಯಲು ಮಾಡಬೇಕೆಂದು ಯಾರೂ ಹೇಳಲಾರರು. ಕಟಾವಾದ ಕಡೆ ಮತ್ತೆ ಅಕೇಶಿಯ ನೆಡದೆ, ನೆಲದಲ್ಲಿ ತಾನಾಗಿ ಚಿಗುರುವ ಮತ್ತಿ, ಹೊನ್ನೆ, ನಂದಿ, ನೇರಳೆಗಳಿಗೆ ಅವಕಾಶ ಕೊಟ್ಟು, ಆ ಪ್ರದೇಶವನ್ನು ಗ್ರಾಮಸಭೆ ಆರಿಸಿದ ಸಮಿತಿಗೆ ದೀರ್ಘಾವಧಿಗೆ ಒಪ್ಪಿಸಬಹುದು. ಇಲಾಖೆ ತಾಂತ್ರಿಕ ಸಲಹೆ ಕೊಡಲಿ, ಬೆಂಕಿ ನಂದಿಸಲಿ, ಕಳ್ಳಸಾಗಣೆಗಾರರ ಮೇಲೆ ಕ್ರಮ ಜರುಗಿಸಲಿ. ಸಮಿತಿ ವರ್ಷಕ್ಕೊಮ್ಮೆ ಆಯವ್ಯಯವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಜ್ಞಾನಸಹ್ಯಾದ್ರಿಯ ವಿದ್ಯಾರ್ಥಿಗಳು ಪ್ರತಿವರ್ಷ ಅಲ್ಲಿ ಯಾವ ಗಿಡ ಬಂತು, ಯಾವುದು ಹೋಯಿತು ಎಂದು ಎಣಿಸಿ ಊರಿಗೆ ವರದಿ ಕೊಡಲಿ.

ಪೋಪ್ ಫ್ರಾನ್ಸಿಸರು 2015ರ ‘ಲೌದಾತೋ ಸಿ’ ಪತ್ರದಲ್ಲಿ ಭೂಮಿಯನ್ನು ಎಲ್ಲರ ಮನೆಯೆಂದು ಕರೆದರು. ಮನೆಯೆಂದ ಮೇಲೆ ಅದರ ಖರ್ಚುವೆಚ್ಚ ವಿಚಾರಿಸುವುದೂ ಮನೆಯವರ ಕೆಲಸ. ನಮ್ಮ ಕುಟುಂಬಗಳು ಗ್ರಾಮಸಭೆಗೆ ಹೋಗುವುದು ಅಪರೂಪ. ಅದು ರಾಜಕೀಯದವರ ಜಾಗವೆಂದು ದೂರವಿರುವುದೇ ಹೆಚ್ಚು. ಮುಂದಿನ ಗ್ರಾಮಸಭೆಗೆ ಮನೆಯಿಂದ ಒಬ್ಬರಾದರೂ, ಸಾಧ್ಯವಾದರೆ ಮನೆಯೊಡತಿಯೇ, ಹೋಗಿ ಕೇಳಲಿ: ನಮ್ಮ ಊರಿಗೆ ಗ್ರಾಮ ಅರಣ್ಯ ಸಮಿತಿ ಇದೆಯೇ, ಅದು ಕೊನೆಯ ಸಲ ಸೇರಿದ್ದು ಯಾವಾಗ, ಅದರ ಖಾತೆಯಲ್ಲಿ ಎಷ್ಟು ಹಣವಿದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಸಸಿ ನೆಡುವ ಜಾಗವೂ ತಾನಾಗಿ ಗೊತ್ತಾಗುತ್ತದೆ.